ಪಿಕಪ್ ಎಡಕ್ಕೆ ಎಳೆಯುತ್ತಿದೆಯೇ? ಸ್ಟೇರಿಂಗ್ ಮತ್ತು ವೀಲ್ ಅಲೈನ್‌ಮೆಂಟ್ ದೋಷ ಹುಡುಕುವ ಕೈಪಿಡಿ

"ಗಾಡಿ ಎಡಕ್ಕೆ ಎಳೀತೈತಿ, ಅಲೈನ್‌ಮೆಂಟ್ ಮಾಡಿಕೊಡ್ರಿ" ಎಂದು ಬರುವ ಪಿಕಪ್‌ಗಳಲ್ಲಿ ಬರೀ ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಿಕೆ) ಕೆಟ್ಟಿರುವ ಗಾಡಿ ಕಡಿಮೆ. ಟೈರಿನ ಗಾಳಿ, ಸವೆದ ಟೈರಾಡ್ ಎಂಡ್ (ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಒಯ್ಯುವ ಸರಳಿನ ತುದಿಯ ಕೀಲು), ಗ್ರೀಸ್ ಕಾಣದ ಕಿಂಗ್ ಪಿನ್ (ಮುಂದಿನ ಚಕ್ರ ತಿರುಗುವ ಗೂಟ), ಹಿಂದಿನ ಸ್ಪ್ರಿಂಗ್ ಪ್ಲೇಟಿನಲ್ಲಿ ತುಂಡಾದ ಸೆಂಟರ್ ಬೋಲ್ಟ್, ಒಂದೇ ಮಗ್ಗುಲಿಗೆ ಹೇರಿದ ಲೋಡು, ಇವುಗಳಲ್ಲಿ ಯಾವುದಾದರೂ ಒಂದು ಜೊತೆಗಿರುತ್ತದೆ. ಅದನ್ನು ಹಾಗೇ ಬಿಟ್ಟು ಗಾಡಿಯನ್ನು ಅಲೈನ್‌ಮೆಂಟ್ ಮಷೀನಿಗೆ ಹತ್ತಿಸಿದರೆ ಆ ಹೊತ್ತಿಗೆ ಪರದೆ ಮೇಲೆ ಹಸಿರು ಅಂಕಿ ಬರುತ್ತದೆ. ಜಗಳೂರಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಅದೇ ಎಳೆತ. ಸಡಿಲ ಕೀಲುಗಳ ಮೇಲೆ ಕೂಡಿಸಿದ ಅಳತೆ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಮಷೀನು ಕೊನೆಗೆ ಬರುತ್ತದೆ, ಗಾಳಿ ಮೀಟರು ಮೊದಲು.

## ನಿಮ್ಮ ಗಾಡಿಯ ಮುಂಭಾಗ ಯಾವ ಬಗೆ?

ಮುಂದಿನ ಬಂಪರ್ ಕೆಳಗೆ ಬಗ್ಗಿ ನೋಡಿ. ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್ ಇದ್ದು, ಅದರ ಮೇಲೆ ಲೀಫ್ ಸ್ಪ್ರಿಂಗ್ ಪ್ಲೇಟು ಕೂತಿದ್ದರೆ ಅದು ರಿಜಿಡ್ ಆಕ್ಸಲ್. ಇದರಲ್ಲಿ ಚಕ್ರ ಸಾಮಾನ್ಯವಾಗಿ ಕಿಂಗ್ ಪಿನ್ ಮೇಲೆ ತಿರುಗುತ್ತದೆ. ಅಂಗಡಿಯಲ್ಲಿ ತಿರುಗಿಸಿ ಕೂಡಿಸಲು ಬರುವುದು ಟೋ ಒಂದೇ, ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರದ ಮೂತಿ ಒಳಕ್ಕಿದೆಯೋ ಹೊರಕ್ಕಿದೆಯೋ ಎಂಬುದು. ಎರಡೂ ಕಡೆ ಬೇರೆ ಬೇರೆ ಆರ್ಮ್, ಕಾಯಿಲ್ ಸ್ಪ್ರಿಂಗ್ ಅಥವಾ ಉದ್ದನೆಯ ಟಾರ್ಷನ್ ಬಾರ್, ಬಾಲ್ ಜಾಯಿಂಟ್ ಇದ್ದರೆ ಅದು ಇಂಡಿಪೆಂಡೆಂಟ್ ಸಸ್ಪೆನ್ಷನ್. ಅದರಲ್ಲಿ ಚಕ್ರ ಮೇಲಿನಿಂದ ಕೆಳಕ್ಕೆ ಎಷ್ಟು ವಾಲಿದೆ ಎನ್ನುವ ಕ್ಯಾಂಬರ್, ತಿರುಗುವ ಕೀಲು ಹಿಂದಕ್ಕೆ ಎಷ್ಟು ಒರಗಿದೆ ಎನ್ನುವ ಕ್ಯಾಸ್ಟರ್ ಎರಡನ್ನೂ ಬಹುಪಾಲು ಗಾಡಿಗಳಲ್ಲಿ ಹೊಂದಿಸಬಹುದು.

ಇದು ಗೊತ್ತಿದ್ದರೆ ಒಂದು ಲಾಭವಿದೆ. ರಿಜಿಡ್ ಆಕ್ಸಲ್ ಗಾಡಿಗೆ "ಕ್ಯಾಂಬರ್ ಹೊಂದಿಸಿದ್ದೀವಿ" ಎಂದು ಯಾರಾದರೂ ಬಿಲ್ ಬರೆದರೆ, ಎಲ್ಲಿ ಹೇಗೆ ಹೊಂದಿಸಿದಿರಿ ಎಂದು ಕೇಳಿ. ಅಲ್ಲಿ ಕ್ಯಾಂಬರ್ ತಪ್ಪಿದೆ ಎಂದರೆ ಕಿಂಗ್ ಪಿನ್ ಸವೆದಿದೆ, ಇಲ್ಲವೇ ಆಕ್ಸಲ್ಲೇ ಬಾಗಿದೆ.

## ಕೈ ಹಾಕುವ ಮೊದಲು

ಕಾಂಕ್ರೀಟ್ ಅಥವಾ ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ. ಹರಿಹರ, ದಾವಣಗೆರೆ ಕಡೆಯ ಎರೆ ಮಣ್ಣಿನಲ್ಲಿ, ಮೇಲೆ ಒಣಗಿದಂತೆ ಕಂಡರೂ, ಜಾಕಿನ ಬುಡ ಮೆಲ್ಲಗೆ ಇಳಿಯುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಅಡಿಗೆ ದಪ್ಪ ಹಲಗೆ ಕೊಡಿ. ಮುಂಭಾಗ ಎತ್ತುವಾಗ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬದೆ, ನೆಲದ ಮೇಲಿರುವ ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಿ. ಜಾಕ್ ಎತ್ತಿದ ಮೇಲೆ ಚಾಸಿ ಅಡಿಗೆ ಸ್ಟ್ಯಾಂಡ್ ಇಡದೆ ಕೆಳಗೆ ನುಗ್ಗಬೇಡಿ. ಟೊಳ್ಳು ಸಿಮೆಂಟ್ ಬ್ಲಾಕು, ಇಟ್ಟಿಗೆ ಇವು ಸ್ಟ್ಯಾಂಡ್ ಆಗುವುದಿಲ್ಲ. ಮುನ್ಸೂಚನೆ ಕೊಡದೆ ಒಡೆಯುತ್ತವೆ. ಲೋಡ್ ಇದ್ದರೆ ಇಳಿಸಿಯೇ ಎತ್ತಿ.

ಕೆಳಗಿನವುಗಳಲ್ಲಿ ಯಾವುದು ಕಂಡರೂ ಗಾಡಿ ಓಡಿಸಬಾರದು, ಮೇಸ್ತ್ರಿಯನ್ನೇ ಅಲ್ಲಿಗೆ ಕರೆಸಿ ಅಥವಾ ಎತ್ತಿಸಿಕೊಂಡು ಹೋಗಿ:

- ಟೈರಾಡ್ ಎಂಡ್ ಅಥವಾ ಬಾಲ್ ಜಾಯಿಂಟ್‌ನ ಗುಂಡು ಅದರ ಬಟ್ಟಲಿನಲ್ಲಿ ಮೇಲೆ ಕೆಳಗೆ ಆಡುವುದು ಕಣ್ಣಿಗೆ ಕಾಣುತ್ತಿದ್ದರೆ
- ಕ್ಯಾಸಲ್ ನಟ್ಟಿನ (ತಲೆಯಲ್ಲಿ ಸಂದುಗಳಿರುವ ನಟ್ಟು) ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ಬಿದ್ದುಹೋಗಿದ್ದರೆ
- ಸ್ಟೇರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿದ್ದರೆ
- ಸ್ಟೇರಿಂಗ್ ಮಧ್ಯದಲ್ಲೆಲ್ಲೋ ಹಿಡಿದುಕೊಂಡು ಬಿಡುತ್ತಿದ್ದರೆ
- ಟೈರ್ ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ ಅಥವಾ ತಂತಿ ಕಾಣುತ್ತಿದ್ದರೆ
- ವೀಲ್ ಬೋಲ್ಟ್ ತುಂಡಾಗಿದ್ದರೆ, ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ (ನಟ್ ಸಡಿಲವಾಗಿ ರಿಮ್ಮು ಆಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ)

ಇನ್ನೊಂದು ಮಾತು. ಬಾಗಿದ ಟೈರಾಡ್ ಅಥವಾ ಡ್ರ್ಯಾಗ್ ಲಿಂಕನ್ನು (ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಆರ್ಮಿಗೆ ಹೋಗುವ ಸರಳು) ಕಾಯಿಸಿ ನೆಟ್ಟಗೆ ಮಾಡುವುದು, ಬಿರುಕು ಬಿಟ್ಟ ಸ್ಟೇರಿಂಗ್ ಆರ್ಮಿಗೆ ವೆಲ್ಡಿಂಗ್ ಹಾಕುವುದು, ಇವೆರಡಕ್ಕೂ ಒಪ್ಪಬೇಡಿ. ಕಾಯಿಸಿದ ಕಬ್ಬಿಣ ತನ್ನ ಹದ ಕಳೆದುಕೊಂಡಿರುತ್ತದೆ, ಮುಂದಿನ ಸಲ ಅದು ಬಾಗುವ ಬದಲು ಮುರಿಯುತ್ತದೆ.

## ಗಾಡಿ ಒಂದೇ ಕಡೆಗೆ ಎಳೆಯುತ್ತದೆ

ನಿಜವಾಗಿ ಎಳೆಯುತ್ತಿದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ನಮ್ಮ ರಸ್ತೆಗಳೆಲ್ಲ ನೀರು ಹರಿಯಲೆಂದು ನಡು ಎತ್ತರ, ಅಂಚು ತಗ್ಗು. ಎಡಗಡೆ ಓಡುವ ಗಾಡಿ ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಸಮತಟ್ಟಾದ ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಸ್ಟೇರಿಂಗ್ ಹಿಡಿತವನ್ನು ಸಡಿಲ ಮಾಡಿ ನೋಡಿ. ಕೈ ಪೂರ್ತಿ ಬಿಡಬೇಡಿ.

ಆಷಾಢದಲ್ಲಾದರೆ ಗಾಳಿಯ ಲೆಕ್ಕವೂ ಸೇರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಮುಂಗಾರಿನ ಗಾಳಿ ಪಶ್ಚಿಮ–ನೈಋತ್ಯದಿಂದ ಬೀಸುತ್ತದೆ, ರಾಷ್ಟ್ರೀಯ ಹೆದ್ದಾರಿ 48 ದಾವಣಗೆರೆಯಿಂದ ಆಗ್ನೇಯಕ್ಕೆ ಹೋಗುತ್ತದೆ. ಅಂದರೆ ಆನಗೋಡು, ಭರಮಸಾಗರ ದಾಟಿ ದುರ್ಗಕ್ಕೆ ಹೋಗುವಾಗ ಗಾಳಿ ಬಲ ಮಗ್ಗುಲಿಗೆ ಬಡಿದು ಗಾಡಿಯನ್ನು ಎಡಕ್ಕೆ ತಳ್ಳುತ್ತದೆ, ವಾಪಸ್ ಬರುವಾಗ ಬಲಕ್ಕೆ. ಎತ್ತರಕ್ಕೆ ತಾಡಪಾಲು ಕಟ್ಟಿದ್ದರೆ ಇನ್ನೂ ಜೋರು. ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಎಳೆದರೆ ಗಾಡಿಯಲ್ಲಿ ದೋಷವಿಲ್ಲ. ಎರಡೂ ಸಲ ಒಂದೇ ಕಡೆಗೆ ಬಂದರೆ ಮುಂದಿನದನ್ನು ನೋಡಿ.

ಟೈರಿನ ಗಾಳಿ. ಬೆಳಿಗ್ಗೆ ಗಾಡಿ ಓಡಿಸುವ ಮೊದಲು, ಇಲ್ಲವೇ ನಿಲ್ಲಿಸಿ ಮೂರು ತಾಸಿನ ಮೇಲೆ, ಟೈರ್ ತಣ್ಣಗಿದ್ದಾಗ ಅಳೆಯಿರಿ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಖಾಲಿ ಗಾಡಿಗೆ ಒಂದು, ಲೋಡಿಗೆ ಒಂದು ಅಂಕಿ ಇರುತ್ತದೆ. ಪಿಕಪ್‌ನ ಹಿಂದಿನ ಟೈರಿಗೆ ಲೋಡಿನಲ್ಲಿ ಮುಂದಿನದಕ್ಕಿಂತ ಬಹಳ ಹೆಚ್ಚು ಬೇಕು. ಎಳೆತಕ್ಕೆ ಮುಖ್ಯವಾದದ್ದು ಮುಂದಿನ ಎರಡರ ನಡುವಿನ ವ್ಯತ್ಯಾಸ. 5 ಪಿಎಸ್ಐ ಕಡಿಮೆ ಇರುವ ಕಡೆಗೆ ಗಾಡಿ ಎಳೆಯಲು ಶುರು ಮಾಡುತ್ತದೆ. ಪಂಚರ್ ಅಂಗಡಿಗಳ ಮೀಟರು ಒಂದೊಂದು ಕಡೆ ಒಂದೊಂದು ತೋರಿಸುವುದರಿಂದ ನಾಲ್ಕೂ ಟೈರನ್ನು ಒಂದೇ ಮೀಟರಿನಲ್ಲಿ ನೋಡಿ. ಒಂದು ಟೈರು ಮಾತ್ರ ವಾರಕ್ಕೊಮ್ಮೆ ಇಳಿಯುತ್ತಿದ್ದರೆ ವಾಲ್ವಿಗೆ ಸೋಪಿನ ನೀರು ಹಚ್ಚಿ.

ಟೈರ್ ಜೋಡಿ. ಮುಂದಿನ ಎರಡೂ ಒಂದೇ ಅಳತೆ, ಒಂದೇ ಕಂಪನಿ, ಒಂದೇ ಬಗೆಯವಾಗಿರಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಅರ್ಧ ಸವೆದದ್ದು ಹಾಕಿದರೆ ಸುತ್ತಳತೆ ಬೇರೆಯಾಗಿ ಗಾಡಿ ಸಣ್ಣ ಚಕ್ರದ ಕಡೆಗೆ ವಾಲುತ್ತದೆ. ರೀಬಟನ್ ಮಾಡಿಸಿದ (ಸವೆದ ಮೇಲೆ ಹೊಸ ರಬ್ಬರ್ ಪಟ್ಟಿ ಹಾಕಿಸಿದ) ಟೈರು ಮುಂದಕ್ಕೆ ಬೇಡವೇ ಬೇಡ, ಹಿಂದಕ್ಕೆ ಇರಲಿ.

ಅದಲುಬದಲು. ಗಾಳಿ ಸರಿಯಿದ್ದೂ ಎಳೆದರೆ ಮುಂದಿನ ಎಡ ಬಲ ಟೈರುಗಳನ್ನು ಬದಲಿಸಿ ಅದೇ ರಸ್ತೆಯಲ್ಲಿ ಓಡಿಸಿ. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನಲ್ಲೇ ಇದೆ. ರೇಡಿಯಲ್ ಟೈರಿನ ಒಳಗಿನ ಬೆಲ್ಟ್ ಸ್ವಲ್ಪ ಒಂದು ಪಕ್ಕಕ್ಕೆ ಕೂತರೂ ಅದು ಶಂಕುವಿನ ಹಾಗೆ ಉರುಳುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಬಾಣದ ಗುರುತು ಇರುವ ಟೈರಿಗೆ ಈ ಪರೀಕ್ಷೆ ಮಾಡಿದ ಮೇಲೆ ಮೊದಲಿನ ಜಾಗಕ್ಕೇ ಹಾಕಿ. ಇಷ್ಟು ಸುಲಭದ ಪರೀಕ್ಷೆಯನ್ನು ಬಿಟ್ಟು ಜನ ಎರಡೆರಡು ಸಲ ಅಲೈನ್‌ಮೆಂಟ್ ಮಾಡಿಸುತ್ತಾರೆ.

ಬ್ರೇಕ್ ಹಿಡಿದಿದೆಯೇ. ಹತ್ತು ಕಿ.ಮೀ. ಓಡಿಸಿ, ಆದಷ್ಟು ಕಡಿಮೆ ಬ್ರೇಕ್ ಒತ್ತಿ ನಿಲ್ಲಿಸಿ. ಮುಂದಿನ ಎರಡು ರಿಮ್ಮಿನ ನಡುವಿಗೆ ಕೈ ಹತ್ತಿರ ಒಯ್ಯಿರಿ, ಮುಟ್ಟಬೇಡಿ. ಒಂದು ಬಿಸಿ, ಒಂದು ಬೆಚ್ಚಗೆ ಇದ್ದರೆ ಬಿಸಿಯಿರುವ ಕಡೆ ಬ್ರೇಕ್ ಬಿಡುತ್ತಿಲ್ಲ: ಕ್ಯಾಲಿಪರ್ ಪಿನ್ ಒಣಗಿರಬಹುದು, ಪಿಸ್ಟನ್ ಜಾಮ್ ಆಗಿರಬಹುದು, ಹೋಸ್ ಒಳಗೇ ಕುಸಿದು ಎಣ್ಣೆ ವಾಪಸ್ ಬಿಡದೇ ಇರಬಹುದು. ಇದು ಮೇಸ್ತ್ರಿ ಕೆಲಸ.

ಹಿಂದಿನ ಆಕ್ಸಲ್. ಇದನ್ನು ನೋಡುವವರು ಕಡಿಮೆ, ಪಿಕಪ್‌ನಲ್ಲಿ ಆಗುವುದು ಹೆಚ್ಚು. ಹಿಂದಿನ ಪ್ಲೇಟುಗಳನ್ನು ಒಟ್ಟಿಗೆ ಹಿಡಿದು ಆಕ್ಸಲನ್ನು ಜಾಗದಲ್ಲಿ ಕೂಡಿಸುವುದು ಸೆಂಟರ್ ಬೋಲ್ಟ್. ಯು ಬೋಲ್ಟ್ ಸಡಿಲವಾಗಿ, ಮೇಲೆ ಮೆಕ್ಕೆಜೋಳದ ಚೀಲ ಕಂಠಮಟ್ಟ ಹೇರಿ ಹಳ್ಳಿ ಹಂಪು ಹಾರಿಸಿದರೆ ಆ ಬೋಲ್ಟ್ ತುಂಡಾಗುತ್ತದೆ, ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿಯುತ್ತದೆ. ಸ್ಟೇರಿಂಗ್ ನೆಟ್ಟಗಿಟ್ಟು ಮುಂದಿನ ಹಬ್ಬಿನ ಮಧ್ಯದಿಂದ ಹಿಂದಿನ ಹಬ್ಬಿನ ಮಧ್ಯಕ್ಕೆ ಎರಡೂ ಬದಿ ಟೇಪು ಹಿಡಿಯಿರಿ. ಎರಡು ಮೂರು ಮಿ.ಮೀ. ವ್ಯತ್ಯಾಸ ಟೇಪಿನದೇ ಇರಬಹುದು. ಆರು ಮಿ.ಮೀ. ದಾಟಿದರೆ ಸೆಂಟರ್ ಬೋಲ್ಟ್, ಯು ಬೋಲ್ಟ್, ಶಾಕಲ್ ಬುಷ್ ಬಿಚ್ಚಿಸಿ ನೋಡಲೇಬೇಕು. ಪ್ಲೇಟು ಪ್ಲೇಟಿನ ಮೇಲೆ ಜರುಗಿದ ಹೊಳೆಯುವ ಗೀರು ಕಂಡರೆ ಅಳೆಯುವುದೂ ಬೇಡ.

ಇವೆಲ್ಲ ಸರಿಯಿದ್ದೂ ಎಳೆತ ಉಳಿದರೆ ಆಗ ಮಷೀನು. ಗಾಡಿ ಎಳೆಯುವುದು ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಅಥವಾ ಕ್ಯಾಂಬರ್ ಹೊರಕ್ಕೆ ಹೆಚ್ಚಾದ ಕಡೆಗೆ. ಎಡ ಬಲದ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೈಗೆ ಗೊತ್ತಾಗುತ್ತದೆ. ಟೋ ತಪ್ಪಿದರೆ ಟೈರು ತಿನ್ನುತ್ತದೆ, ಆದರೆ ಮುಂದಿನ ಟೋ ಒಂದರಿಂದಲೇ ಒಂದೇ ಕಡೆಯ ಗಟ್ಟಿ ಎಳೆತ ಬರುವುದು ಅಪರೂಪ.

## ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತದೆ

ಇದು ಅಲೈನ್‌ಮೆಂಟ್ ಅಂಗಡಿಗೆ ಸಂಬಂಧಪಟ್ಟದ್ದಲ್ಲ. ಎಳೆಯುವ ಕಡೆಯ ಬ್ರೇಕ್ ಸರಿಯಾಗಿದ್ದು ಎದುರು ಕಡೆಯದು ಕೆಲಸ ಮಾಡದೇ ಇರುವುದೇ ಸಾಮಾನ್ಯ: ಪ್ಯಾಡಿಗೆ ಗ್ರೀಸ್ ಅಥವಾ ಎಣ್ಣೆ ತಾಗಿದೆ, ಕ್ಯಾಲಿಪರ್ ಜಾಮ್ ಆಗಿದೆ. ಸವೆದ ಆರ್ಮ್ ಬುಷ್ ಕೂಡ ಹೀಗೆ ಮಾಡುತ್ತದೆ, ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿದು ದಿಕ್ಕು ಬದಲಿಸುತ್ತದೆ. ಬ್ರೇಕ್ ಪರೀಕ್ಷೆಯನ್ನು ಲೋಡಿಲ್ಲದೆ, 30 ಕಿ.ಮೀ. ಒಳಗೆ ಮಾಡಿ.

## ಸ್ಟೇರಿಂಗ್ ನಡುಗುತ್ತದೆ

ಯಾವ ವೇಗದಲ್ಲಿ ನಡುಗುತ್ತದೆ ಎಂಬುದನ್ನು ಗಮನಿಸಿ.

20–30 ಕಿ.ಮೀ. ವೇಗದಲ್ಲೇ ಸ್ಟೇರಿಂಗ್ ಎಡ ಬಲ ತೂಗಾಡಿದರೆ ಟೈರಿನ ಆಕಾರ ಕೆಟ್ಟಿದೆ ಅಥವಾ ರಿಮ್ ಬಾಗಿದೆ. ಚಕ್ರ ಎತ್ತಿ, ಟೈರಿನ ಹತ್ತಿರ ನೆಲದ ಮೇಲೆ ಒಂದು ಕಡ್ಡಿ ಸ್ಥಿರವಾಗಿ ಇಟ್ಟು, ಚಕ್ರ ಸುತ್ತಿಸಿ. ಕಡ್ಡಿಗೂ ಟೈರಿಗೂ ನಡುವಿನ ಸಂದು ಹಿಗ್ಗಿ ಕುಗ್ಗುವುದು ಕಾಣುತ್ತದೆ. ಟ್ರೆಡ್ ಒಂದು ಕಡೆ ಉಬ್ಬಿದ್ದರೆ ಒಳಗೆ ಪದರ ಬಿಟ್ಟಿದೆ. ಆ ಟೈರನ್ನು ಸ್ಟೆಪ್ನಿಗೂ ಇಟ್ಟುಕೊಳ್ಳಬೇಡಿ.

70–90ರ ನಡುವೆ ನಡುಗಿ, ಅದಕ್ಕಿಂತ ಮೇಲೆ ಅಥವಾ ಕೆಳಗೆ ಕಡಿಮೆಯಾದರೆ ಬ್ಯಾಲೆನ್ಸಿಂಗ್. ಅಂಗಡಿಗೆ ಹೋಗುವ ಮೊದಲು ರಿಮ್ಮಿನ ಒಳಮೈ ನೋಡಿ. ಭದ್ರಾ ಕಾಲುವೆ ಬಯಲಿನಲ್ಲಿ ಭತ್ತದ ನಾಟಿ ಹೊತ್ತಿಗೆ ಗದ್ದೆ ದಾರಿಯಲ್ಲಿ ಹೋಗಿ ಬಂದ ಗಾಡಿಯ ರಿಮ್ಮಿನ ಒಳಗೆ ಎರೆ ಮಣ್ಣು ಅಂಟಿ, ಬಿಸಿಲಿಗೆ ಒಣಗಿ ಕಲ್ಲಾಗಿರುತ್ತದೆ. ಅದು ಒಂದೇ ಕಡೆ ಇದ್ದರೆ ಹೆದ್ದಾರಿಯಲ್ಲಿ ಕೈ ಮರಗಟ್ಟುವಷ್ಟು ನಡುಕ ಕೊಡಲು ಸಾಕು. ಹೊರಗಿನಿಂದ ನೀರು ಬಿಟ್ಟರೆ ಹೋಗುವುದಿಲ್ಲ. ನೆನೆಸಿ, ಕೈ ಒಳಕ್ಕೆ ಹಾಕಿ ಕೆರೆದು ತೆಗೆಯಬೇಕು. ಹಾಗೆಯೇ ಬ್ಯಾಲೆನ್ಸಿಂಗ್ ಸೀಸದ ತುಂಡು ಬಿದ್ದ ಜಾಗ ಒಂದು ಸ್ವಚ್ಛ ಚೌಕವಾಗಿ ಕಾಣುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಮುಂದಿನ ಡಿಸ್ಕ್ ಸಮವಾಗಿಲ್ಲ. ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ನಡುಕ ಸೀಟಿನ ಅಡಿಯಲ್ಲಿ ಬಂದರೆ ಪ್ರೊಪೆಲರ್ ಶಾಫ್ಟಿನ (ಎಂಜಿನ್ ಬಲವನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಸರಳು) ಕ್ರಾಸ್ ಕೀಲು ಅಥವಾ ಸೆಂಟರ್ ಬೇರಿಂಗ್ ನೋಡಿ, ಸ್ಟೇರಿಂಗ್ ಬಿಡಿ.

## ಗುಂಡಿಗೆ ಬಿದ್ದೊಡನೆ ಮುಂದಿನ ಚಕ್ರಗಳು ಹುಚ್ಚೆದ್ದು ಅಲ್ಲಾಡುತ್ತವೆ

ರಿಜಿಡ್ ಆಕ್ಸಲ್ ಗಾಡಿಗಳಲ್ಲಿ ಇದು ಬರುತ್ತದೆ. 50–60ರಲ್ಲಿ ಒಂದು ಗುಂಡಿ ಸಿಕ್ಕರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎಡ ಬಲ ಹೊಡೆದುಕೊಳ್ಳುತ್ತದೆ, ತಾನಾಗಿ ನಿಲ್ಲುವುದಿಲ್ಲ. ಆಗ ಬ್ರೇಕ್ ಜಗ್ಗಿ ಒತ್ತಬೇಡಿ. ಹೆಬ್ಬೆರಳನ್ನು ಸ್ಟೇರಿಂಗ್ ಕಡ್ಡಿಗಳ ಒಳಗೆ ಸಿಕ್ಕಿಸದೆ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ಇಳಿದಂತೆ ಎಡಕ್ಕೆ ನಿಲ್ಲಿಸಿ.

ಕಾರಣ ಸಾಮಾನ್ಯವಾಗಿ ಒಂದೇ ಇರುವುದಿಲ್ಲ: ಸ್ವಲ್ಪ ಕಿಂಗ್ ಪಿನ್ ಬುಷ್, ಸ್ವಲ್ಪ ಟೈರಾಡ್ ಎಂಡ್, ಸ್ವಲ್ಪ ಹಬ್ ಬೇರಿಂಗ್, ಜೊತೆಗೆ ಬ್ಯಾಲೆನ್ಸ್ ತಪ್ಪಿದ ಟೈರು. ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಹೊಡೆತ ತಡೆಯುವ ಶಾಕಪ್) ಇರುವ ಗಾಡಿಯಲ್ಲಿ ಅದನ್ನೊಂದು ಹೊಸದು ಹಾಕಿದರೆ ಕೆಲವು ದಿನ ಅಡಗುತ್ತದೆ. ಅದು ದೋಷವನ್ನು ಮುಚ್ಚುವ ಕೆಲಸ. ಕೆಳಗಿನ ಶೀರ್ಷಿಕೆಯಡಿ ಹೇಳಿರುವ ಪರೀಕ್ಷೆಗಳನ್ನೆಲ್ಲ ಮಾಡುವವರೆಗೆ ಗಾಡಿಯನ್ನು 40 ದಾಟಿಸಬೇಡಿ.

## ಸ್ಟೇರಿಂಗ್ ಪ್ಲೇ ಜಾಸ್ತಿ, ಗಾಡಿ ಅತ್ತಿತ್ತ ಓಲಾಡುತ್ತದೆ

ಮೊದಲು ಲೋಡು. ಹಿಂದಿನ ಆಕ್ಸಲಿನ ಹಿಂಭಾಗಕ್ಕೆ, ಡಾಲದ (ಹಿಂದಿನ ಬಾಗಿಲು) ಕಡೆಗೆ ತೂಕ ಬಿದ್ದರೆ ಗಾಡಿಯ ಮೂತಿ ಎದ್ದು ಮುಂದಿನ ಟೈರಿಗೆ ಹಿಡಿತ ಇರುವುದಿಲ್ಲ, ಸ್ಟೇರಿಂಗ್ ತೇಲಿದಂತಾಗುತ್ತದೆ. ಚಳ್ಳಕೆರೆ ಕಡೆಯಿಂದ ಈರುಳ್ಳಿ ತರುವಾಗ ಚೀಲಗಳನ್ನು ಕ್ಯಾಬಿನ್ ಗೋಡೆಗೆ ತಾಗಿಸಿ ಹೇರಲು ಶುರು ಮಾಡಿದರೆ ಈ ತೊಂದರೆ ಅರ್ಧ ಹೋಗುತ್ತದೆ. ಖಾಲಿ ಗಾಡಿ ಓಲಾಡುವುದಿಲ್ಲ, ಲೋಡಿನಲ್ಲಿ ಮಾತ್ರ ಎಂದರೆ ಹಿಂದಿನ ಟೈರಿನ ಗಾಳಿ ಮತ್ತು ಹೇರಿದ ರೀತಿ ನೋಡಿ.

ಪ್ಲೇ ಎಷ್ಟಿದೆ ಎಂದು ಅಳೆಯಿರಿ. ಚಕ್ರ ನೆಟ್ಟಗೆ, ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ. ಸ್ಟೇರಿಂಗ್ ರಿಮ್ಮಿಗೆ ಸ್ಕೇಲು ಹಿಡಿದು, ಮುಂದಿನ ಚಕ್ರ ಅಲುಗುವ ಮೊದಲು ರಿಮ್ ಎಷ್ಟು ಜರುಗುತ್ತದೆ ನೋಡಿ. 20–30 ಮಿ.ಮೀ. ಒಳಗಿದ್ದರೆ ಬಹುಪಾಲು ಗಾಡಿಗಳಿಗೆ ಪರವಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ 30 ಡಿಗ್ರಿ ಮೀರಬಾರದು ಎನ್ನುತ್ತದೆ. 40 ಸೆಂ.ಮೀ. ಸ್ಟೇರಿಂಗ್ ಮೇಲೆ ಅದು ಸುಮಾರು 10 ಸೆಂ.ಮೀ. ಆಯಿತು. ಅಷ್ಟು ಸಡಿಲ ಬಿಟ್ಟುಕೊಂಡು ಹೆದ್ದಾರಿಗೆ ಹೋಗುವ ಮಾತೇ ಬೇಡ. ಅದೇ ನಿಯಮ ಸ್ಟೇರಿಂಗ್ ಬಾಲ್ ಜಾಯಿಂಟ್‌ಗಳಿಗೆಲ್ಲ ರಬ್ಬರ್ ಟೊಪ್ಪಿ ಇರಬೇಕೆಂದೂ ಹೇಳುತ್ತದೆ, ಮತ್ತು ಆ ಟೊಪ್ಪಿ ಹರಿದಲ್ಲೇ ಕೆಂಪು ಧೂಳು ಹೊಕ್ಕು ಗ್ರೀಸಿನ ಜೊತೆ ಕಲೆತು ಗುಂಡನ್ನು ಉಜ್ಜಿ ಹಾಕುತ್ತದೆ.

ಪ್ಲೇ ಎಲ್ಲಿದೆ ಎಂದು ಹುಡುಕಲು ಇಬ್ಬರು ಬೇಕು. ಚಕ್ರ ನೆಲದ ಮೇಲೇ ಇರಲಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಒಂದು ಗೇಣಿನಷ್ಟು ಮಾತ್ರ ಅತ್ತಿತ್ತ ಆಡಿಸುತ್ತಿರಲಿ, ಇನ್ನೊಬ್ಬರು ಪಕ್ಕದಿಂದ ಟಾರ್ಚು ಹಾಕಿ ನೋಡಲಿ. ಮೇಲಿನಿಂದ ಕೆಳಕ್ಕೆ ಒಂದೊಂದೇ ಕೀಲು:

1. ಸ್ಟೇರಿಂಗ್ ಕಾಲಂ ಕೆಳಗಿನ ಕ್ರಾಸ್ ಕೀಲು: ಮೇಲಿನ ಶಾಫ್ಟ್ ತಿರುಗಿದಾಗ ಕೆಳಗಿನದು ತಡವಾಗಿ ತಿರುಗುತ್ತದೆಯೇ.
2. ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂರುವ ಬೋಲ್ಟುಗಳು: ಬಾಕ್ಸೇ ಅಲುಗಿದರೆ ಮೊದಲು ಬೋಲ್ಟ್ ಬಿಗಿಸಿ.
3. ಬಾಕ್ಸಿಗೆ ಹೋಗುವ ಶಾಫ್ಟ್ ತಿರುಗಿದರೂ ಅದರ ಕೆಳಗಿನ, ಡ್ರ್ಯಾಗ್ ಲಿಂಕನ್ನು ಎಳೆಯುವ ಪಿಟ್‌ಮನ್ ಆರ್ಮ್ ಅಲುಗದಿದ್ದರೆ ಪ್ಲೇ ಬಾಕ್ಸಿನೊಳಗೆ.
4. ಡ್ರ್ಯಾಗ್ ಲಿಂಕ್ ಮತ್ತು ಟೈರಾಡ್ ಎಂಡ್‌ಗಳು: ಬಟ್ಟಲು ಮತ್ತು ಆರ್ಮ್ ಎರಡರ ಮೇಲೂ ಒಟ್ಟಿಗೆ ಬೆರಳಿಡಿ. ಕಣ್ಣಿಗೆ ಕಾಣದ ಸಣ್ಣ ಟಕ್ ಬೆರಳಿಗೆ ಸಿಗುತ್ತದೆ. ಬೆರಳು ಸಂದಿಗೆ ಸಿಗದಂತೆ ನೋಡಿಕೊಳ್ಳಿ.

ಆಮೇಲೆ ಚಕ್ರ ಎತ್ತಿ. ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಡಿದರೆ ಟೈರಾಡ್ ಎಂಡ್ ಅಥವಾ ಹಬ್ ಬೇರಿಂಗ್. 12 ಮತ್ತು 6ರಲ್ಲಿ ಆಡಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್, ಇಲ್ಲವೇ ಅದೇ ಬೇರಿಂಗ್. ಬೇರ್ಪಡಿಸುವುದು ಸುಲಭ. ಒಳಗಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಆಟ ನಿಂತರೆ ಬೇರಿಂಗ್, ಹಾಗೇ ಇದ್ದರೆ ಕೀಲು. ಇಂಡಿಪೆಂಡೆಂಟ್ ಗಾಡಿಯಲ್ಲಿ ಸ್ಪ್ರಿಂಗ್ ಕೆಳ ಆರ್ಮ್ ಮೇಲೆ ಕೂತಿದ್ದರೆ ಜಾಕನ್ನು ಆ ಆರ್ಮ್ ಅಡಿಗೇ ಕೊಡಬೇಕು. ಚಾಸಿಗೆ ಕೊಟ್ಟರೆ ಸ್ಪ್ರಿಂಗ್ ಒತ್ತಡದಲ್ಲಿ ಸವೆದ ಬಾಲ್ ಜಾಯಿಂಟ್ ಕೂಡ ಬಿಗಿಯಾಗಿ ಕಾಣುತ್ತದೆ.

ಸ್ಟೇರಿಂಗ್ ಬಾಕ್ಸಿನ ಮೇಲೆ ಲಾಕ್‌ನಟ್ ಇರುವ ಒಂದು ಸ್ಕ್ರೂ ಇರುತ್ತದೆ. ಪ್ಲೇ ಎಂದರೆ ಸಾಕು, ಕೆಲವರು ಮೊದಲು ಅದನ್ನೇ ತಿರುಗಿಸುತ್ತಾರೆ. ಮಿಕ್ಕ ಕೀಲುಗಳೆಲ್ಲ ಬಿಗಿಯಿವೆ ಎಂದು ಖಾತ್ರಿಯಾಗುವವರೆಗೆ ಅದನ್ನು ಮುಟ್ಟಬೇಡಿ. ಹೆಚ್ಚು ಬಿಗಿಸಿದರೆ ತಿರುವಿನಲ್ಲಿ ಸ್ಟೇರಿಂಗ್ ಸಿಕ್ಕಿಕೊಳ್ಳುತ್ತದೆ, ಬಾಕ್ಸಿನ ಹಲ್ಲು ಬೇಗ ಹೋಗುತ್ತದೆ.

ಹೊಸ ಟೈರಾಡ್ ಎಂಡ್ ಹಾಕುವಾಗ ಹಳೆಯ ಸ್ಪ್ಲಿಟ್ ಪಿನ್ ಮತ್ತೆ ಬಳಸಬೇಡಿ. ನಟ್ಟಿನ ಸಂದು ತೂತಿಗೆ ಕೂಡದಿದ್ದರೆ ಇನ್ನಷ್ಟು ಬಿಗಿಸಿ ಕೂಡಿಸಿ, ಹಿಂದಕ್ಕೆ ಸಡಿಲಿಸಿ ಕೂಡಿಸುವುದು ತಪ್ಪು.

## ಸ್ಟೇರಿಂಗ್ ಭಾರ, ತಿರುವಿನ ನಂತರ ತಾನಾಗಿ ವಾಪಸ್ ಬರುವುದಿಲ್ಲ

ಮುಂದಿನ ಟೈರಿನ ಗಾಳಿ ನೋಡಿದ ಮೇಲೆ ಗ್ರೀಸ್ ಗನ್ ತೆಗೆದುಕೊಳ್ಳಿ. ಕಿಂಗ್ ಪಿನ್‌ಗೆ ಗ್ರೀಸ್ ಹೊಡೆಯುವಾಗ ಚಕ್ರ ಎತ್ತಿಯೇ ಹೊಡೆಯಬೇಕು. ಗಾಡಿಯ ತೂಕ ಕೂತಿದ್ದಾಗ ಕೆಳಗಿನ ಥ್ರಸ್ಟ್ ಬೇರಿಂಗ್‌ಗೆ ಗ್ರೀಸ್ ಇಳಿಯುವುದಿಲ್ಲ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೆ ಒತ್ತಿ. ನಿಪ್ಪಲ್ ಗ್ರೀಸ್ ತೆಗೆದುಕೊಳ್ಳದಿದ್ದರೆ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ, ಅಥವಾ ಹೊಸದು ಹಾಕಿ. ಹೊಲದ ಧೂಳು, ಗದ್ದೆಯ ನೀರು ಎರಡರಲ್ಲೂ ಓಡುವ ಗಾಡಿಗೆ ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಗ್ರೀಸ್ ಮಾಡಿಸುವುದು ಒಳ್ಳೆಯದು.

ಭಾರ ಕೀಲಿನಲ್ಲಿದೆಯೋ ಮೇಲಿದೆಯೋ ಎಂದು ತಿಳಿಯಲು ಮುಂದಿನ ಎರಡೂ ಚಕ್ರ ಎತ್ತಿ ಸ್ಟೇರಿಂಗ್ ತಿರುಗಿಸಿ. ಆಗಲೂ ಭಾರವಿದ್ದರೆ ಡ್ರ್ಯಾಗ್ ಲಿಂಕನ್ನು ಆರ್ಮಿನಿಂದ ಬಿಡಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಬೇಕಾಗುತ್ತದೆ. ಅದನ್ನು ಗ್ಯಾರೇಜಿನಲ್ಲೇ ಮಾಡಿಸಿ.

ಪವರ್ ಸ್ಟೇರಿಂಗ್ ಇದ್ದರೆ ಎಣ್ಣೆ ಮಟ್ಟ ನೋಡಿ, ಯಾವ ಎಣ್ಣೆ ಎಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಬ್ರೇಕ್ ಎಣ್ಣೆ ಹಾಕಿದರೆ ಸೀಲುಗಳೆಲ್ಲ ಉಬ್ಬಿ ಹೋಗುತ್ತವೆ. ತಿರುಗಿಸುವಾಗ ಗುಂಯ್ ಎಂದು ನರಳಿದರೆ ಎಣ್ಣೆ ಕಡಿಮೆ ಅಥವಾ ಗಾಳಿ ಸೇರಿದೆ. ಡಬ್ಬಿಯಲ್ಲಿ ನೊರೆ ಕಂಡರೆ ಪಂಪಿಗೆ ಬರುವ ಹೋಸಿನ ಕ್ಲಿಪ್ ಸಡಿಲ. ಕೀಚ್ ಎಂದರೆ ಬೆಲ್ಟ್. ಗಾಳಿ ತೆಗೆಯಲು ಮುಂದಿನ ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು, ಎಣ್ಣೆ ತುಂಬಿಸುತ್ತಾ ಈ ತುದಿಯಿಂದ ಆ ತುದಿಗೆ ಹತ್ತು ಹದಿನೈದು ಸಲ ನಿಧಾನ ತಿರುಗಿಸಿ, ನಂತರ ಎಂಜಿನ್ ಹಾಕಿ ಮತ್ತೆ ಕೆಲವು ಸಲ. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದು ನಿಲ್ಲಿಸಬೇಡಿ, ಪಂಪ್ ಬಿಸಿಯಾಗುತ್ತದೆ. ಕರೆಂಟಿನ ಪವರ್ ಸ್ಟೇರಿಂಗ್ ಆದರೆ ಬ್ಯಾಟರಿ ಟರ್ಮಿನಲ್ ಸ್ವಚ್ಛ ಮಾಡಿ. ಸ್ಟೇರಿಂಗ್ ದೀಪ ಆರದಿದ್ದರೆ ಸ್ಕ್ಯಾನರ್ ಇರುವ ಕಡೆಗೆ ಒಯ್ಯಿರಿ.

## ಟೈರ್ ಒಂದು ಕಡೆ ತಿಂದುಹೋಗಿದೆ

ಟೈರನ್ನು ಓದಲು ಕಣ್ಣಿಗಿಂತ ಅಂಗೈ ಮೇಲು. ಮುಂದಿನ ಟೈರಿನ ಟ್ರೆಡ್ ಮೇಲೆ ಅಡ್ಡಕ್ಕೆ, ಮೊದಲು ಹೊರ ಅಂಚಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ ಕೈ ಸವರಿ. ಒಳಕ್ಕೆ ನುಣ್ಣಗೆ ಹೋಗಿ ಹೊರಕ್ಕೆ ಬರುವಾಗ ಗರಗಸದಂತೆ ಹಿಡಿದರೆ ಟೋ-ಇನ್ ಹೆಚ್ಚು. ಹೊರಕ್ಕೆ ನುಣುಪು, ಒಳಕ್ಕೆ ಹಿಡಿತ ಎಂದರೆ ಟೋ-ಔಟ್. ತಂತಿ ತಾಗುವಷ್ಟು ಸವೆದಿದ್ದರೆ ಬರಿಗೈ ಹಾಕಬೇಡಿ.

ಗರಗಸವಿಲ್ಲದೆ ಒಂದೇ ಟೈರಿನ ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್. ಎರಡೂ ಅಂಚು ಸವೆದು ನಡು ಉಳಿದರೆ ಗಾಳಿ ಕಡಿಮೆ, ನಡು ಸವೆದರೆ ಹೆಚ್ಚು. ಅಲ್ಲಲ್ಲಿ ಬೋಗುಣಿಯಂತೆ ತಗ್ಗು ಬಿದ್ದಿದ್ದರೆ ಶಾಕಪ್ ಸತ್ತಿದೆ ಅಥವಾ ಬೇರಿಂಗ್ ಸಡಿಲ. ಹಳ್ಳದ ತಳದಲ್ಲಿರುವ ಸಣ್ಣ ಉಬ್ಬು ಟ್ರೆಡ್ ಮಟ್ಟಕ್ಕೆ ಬಂದರೆ 1.6 ಮಿ.ಮೀ. ಉಳಿದಿದೆ ಎಂದರ್ಥ. ಅಲ್ಲಿಗೆ ಆ ಟೈರ್ ಮುಗಿಯಿತು.

ಟೋ ಎಷ್ಟು ತಪ್ಪಿದೆ ಎಂದು ಮನೆ ಮುಂದೆಯೇ ಅಳೆಯಬಹುದು. ಕೀಲುಗಳು ಬಿಗಿಯಾಗಿರಬೇಕು, ನೆಲ ಸಮವಾಗಿರಬೇಕು.

1. ಮುಂದಿನ ಒಂದೊಂದೇ ಚಕ್ರ ಎತ್ತಿ, ಸುತ್ತಿಸುತ್ತಾ ಟ್ರೆಡ್ ನಡುವೆ ಸೀಮೆಸುಣ್ಣದ ಪಟ್ಟಿ ಬಳಿಯಿರಿ. ಅದರ ಮೇಲೆ ಮೊಳೆಯ ತುದಿಯನ್ನು ಅಲುಗದಂತೆ ಹಿಡಿದು ಸಣ್ಣ ಗೆರೆ ಎಳೆಯಿರಿ.
2. ಗಾಡಿ ಇಳಿಸಿ, ಸ್ಟೇರಿಂಗ್ ನೆಟ್ಟಗಿಟ್ಟು ಎರಡು ಮೂರು ಮೀಟರ್ ಮುಂದಕ್ಕೆ ತಳ್ಳಿ. ಆಗ ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರುತ್ತದೆ. ಹಿಂದಕ್ಕೆ ತಳ್ಳಬೇಡಿ.
3. ಎರಡೂ ಟೈರಿನ ಹಿಂಬದಿಯಲ್ಲಿ, ಹಬ್ ಎತ್ತರದಲ್ಲಿ ಗೆರೆಗಳಿಗೆ ಗುರುತು ಹಾಕಿ ಗೆರೆಯಿಂದ ಗೆರೆಗೆ ಅಳೆಯಿರಿ.
4. ಅದೇ ಗುರುತು ಮುಂಬದಿಗೆ ಬರುವವರೆಗೆ, ಅರ್ಧ ಸುತ್ತು, ಗಾಡಿಯನ್ನು ಮುಂದಕ್ಕೆ ತಳ್ಳಿ ಅದೇ ಎತ್ತರದಲ್ಲಿ ಅಳೆಯಿರಿ.

ಹಿಂದಿನ ಅಳತೆಯಿಂದ ಮುಂದಿನದನ್ನು ಕಳೆದರೆ ಬರುವುದು ಟೋ-ಇನ್. ಬಹಳ ಪಿಕಪ್‌ಗಳಿಗೆ ಇದು 0ಯಿಂದ 3 ಮಿ.ಮೀ. ಒಳಗೆ ಬರುತ್ತದೆ, ನಿಮ್ಮ ಗಾಡಿಯ ಪುಸ್ತಕದಲ್ಲಿರುವುದೇ ಅಂತಿಮ. ಸಣ್ಣ ಅಂಕಿ ಎಂದು ಉಡಾಫೆ ಬೇಡ. 70 ಸೆಂ.ಮೀ. ವ್ಯಾಸದ ಟೈರಿನಲ್ಲಿ ಟೋ 10 ಮಿ.ಮೀ. ತಪ್ಪಿದ್ದರೆ ಪ್ರತಿ ಕಿಲೋಮೀಟರಿಗೆ ಒಂದೊಂದು ಟೈರು ಸುಮಾರು 7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ದಾವಣಗೆರೆಯಿಂದ ಹಿರಿಯೂರಿಗೆ ಹೋಗಿ ಬಂದರೆ ಅದು ಒಂದು ಕಿಲೋಮೀಟರ್ ಮೀರುತ್ತದೆ.

ಟೈರಾಡ್ ಆಕ್ಸಲಿನ ಹಿಂದಿದ್ದರೆ ಉದ್ದ ಮಾಡಿದಾಗ ಟೋ-ಇನ್ ಹೆಚ್ಚುತ್ತದೆ, ಮುಂದಿದ್ದರೆ ಕಡಿಮೆಯಾಗುತ್ತದೆ. ಕಾಲು ಸುತ್ತಿಗೇ ಟೈರಿನ ಅಂಚಿನಲ್ಲಿ ಹಲವು ಮಿ.ಮೀ. ಬದಲಾಗುವುದರಿಂದ ಅರೆಕಾಲು ಸುತ್ತು ತಿರುಗಿಸಿ, ಗಾಡಿ ಮುಂದಕ್ಕೆ ತಳ್ಳಿ, ಮತ್ತೆ ಅಳೆಯಿರಿ. ಕ್ಲ್ಯಾಂಪ್ ಅಥವಾ ಲಾಕ್‌ನಟ್ ಬಿಗಿಸಲು ಮರೆತರೆ ಮಾಡಿದ್ದೆಲ್ಲ ನೀರಿಗೆ ಹಾಕಿದಂತೆ.

## ಗಾಡಿ ನೆಟ್ಟಗೆ ಓಡುತ್ತದೆ, ಸ್ಟೇರಿಂಗ್ ಮಾತ್ರ ಓರೆ

ಟೈರಾಡ್ ಬದಲಿಸಿದ ಮೇಲೆ ಹೀಗಾಗುವುದು ಹೆಚ್ಚು. ಎರಡು ಬದಿ ಟೈರಾಡ್ ಇರುವ ಗಾಡಿಯಲ್ಲಿ ಎಡವನ್ನು ಎಷ್ಟು ಉದ್ದ ಮಾಡಿದಿರೋ ಬಲವನ್ನು ಅಷ್ಟೇ ಗಿಡ್ಡ ಮಾಡಿ ಸರಿಪಡಿಸುತ್ತಾರೆ, ರಿಜಿಡ್ ಆಕ್ಸಲಿನಲ್ಲಿ ಡ್ರ್ಯಾಗ್ ಲಿಂಕ್ ಉದ್ದ ಬದಲಿಸುತ್ತಾರೆ. ಸ್ಟೇರಿಂಗನ್ನೇ ಕಿತ್ತು ಒಂದು ಹಲ್ಲು ಸರಿಸಿ ಹಾಕುವುದು ಅಡ್ಡದಾರಿ. ಬಾಕ್ಸ್ ನಡುಬಿಂದುವಿನಲ್ಲಿ ಇಲ್ಲದೆ ಎಡಕ್ಕೂ ಬಲಕ್ಕೂ ತಿರುವು ಬೇರೆ ಬೇರೆಯಾಗುತ್ತದೆ. ಏರ್‌ಬ್ಯಾಗ್ ಇದ್ದರಂತೂ ಅಪಾಯ.

ಏನೂ ಬಿಚ್ಚಿಲ್ಲ, ಆದರೂ ಸ್ಟೇರಿಂಗ್ ಒಂದು ದಿನ ಇದ್ದಕ್ಕಿದ್ದಂತೆ ಓರೆಯಾಯಿತು ಎಂದರೆ ಏನೋ ಬಾಗಿದೆ ಅಥವಾ ಹಿಂದಿನ ಆಕ್ಸಲ್ ಸರಿದಿದೆ. ರಸ್ತೆಯಲ್ಲಿ ನಿಂತ ನೀರು ದಾಟಿಸಿ ಒಣ ನೆಲದ ಮೇಲೆ ನೆಟ್ಟಗೆ ಓಡಿಸಿ, ಇಳಿದು ಗುರುತು ನೋಡಿ. ಹಿಂದಿನ ಚಕ್ರದ ಹೆಜ್ಜೆ ಮುಂದಿನದರಿಂದ ಎರಡೂ ಬದಿ ಸಮ ಅಂತರದಲ್ಲಿರಬೇಕು. ಒಂದು ಬದಿ ಒಳಗೆ, ಇನ್ನೊಂದು ಬದಿ ಹೊರಗೆ ಬಿದ್ದರೆ ಗಾಡಿ ಓರೆಯಾಗಿ ಓಡುತ್ತಿದೆ.

## ಅಲೈನ್‌ಮೆಂಟ್‌ಗೆ ಬಿಡುವಾಗ

ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಕಾರು ಹೆಚ್ಚು, ಪಿಕಪ್ ಕಡಿಮೆ. ಅಂಗಡಿಯವರ ಮಷೀನಿನಲ್ಲಿ ನಿಮ್ಮ ಮಾಡೆಲ್ ಇದೆಯೇ ಎಂದು ಕೇಳಿ. ಹತ್ತಿರದ ಯಾವುದೋ ಮಾಡೆಲ್ ಹಾಕಿ ಹೊಂದಿಸಿದರೆ ಹಸಿರು ಬಂದರೂ ಉಪಯೋಗವಿಲ್ಲ. "ಅಣ್ಣಾ, ಯಾವಾಗ್ಲೂ ಲೋಡ್ ಹಾಕೇ ಓಡ್ಸೋದು" ಎಂದು ಮೊದಲೇ ಹೇಳಿ. ತೂಕ ಬಿದ್ದಾಗ ಎತ್ತರ ಬದಲಾಗಿ ಇಂಡಿಪೆಂಡೆಂಟ್ ಗಾಡಿಯಲ್ಲಿ ಕ್ಯಾಂಬರ್, ಟೋ ಎರಡೂ ಜರುಗುತ್ತವೆ. ಟಾರ್ಷನ್ ಬಾರ್ ಇದ್ದರೆ ಮೊದಲು ಮುಂಭಾಗದ ಎತ್ತರ ಎರಡೂ ಕಡೆ ಸಮ ಮಾಡಿಸಿ, ಆಮೇಲೆ ಕೋನ. ಬೇರೆ ಕ್ರಮದಲ್ಲಿ ಮಾಡಿದರೆ ಕೆಲಸ ಎರಡು ಸಲ ಆಗುತ್ತದೆ.

ಹೊಂದಿಸುವ ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಎರಡನ್ನೂ ಇಸಿದುಕೊಳ್ಳಿ. ಒಂದೆರಡು ತಿಂಗಳಲ್ಲಿ ಮತ್ತೆ ಎಳೆತ ಬಂದರೆ ಯಾವ ಅಂಕಿ ಜರುಗಿದೆ ಎಂದು ನೋಡಿದರೆ ಸಡಿಲವಾದ ಕೀಲು ಯಾವ ಕಡೆಯದು ಎಂದು ತಿಳಿಯುತ್ತದೆ. ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿ.ಮೀ. ಓಡಿಸಿದ ನಂತರ ವೀಲ್ ನಟ್‌ಗಳನ್ನು ಎದುರುಬದುರಿನ ಕ್ರಮದಲ್ಲಿ ಮತ್ತೊಮ್ಮೆ ಬಿಗಿಸಿ.